ಮೊಗಸಾಲೆಗೆ ತಲುಪದ ಹೆಸರು

ಝೆನೋನ್ ಪಿರ್ಕಾ ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಮಾಡುವ ಕೆಲಸ ಒಂದೇ. ನಟ್ಟನಡುವೆ ನಿಂತು ಫಟ್ಟನೆ ಒಂದು ಚಪ್ಪಾಳೆ ತಟ್ಟುವುದು. ಮದುವೆಯ ಹಾಲಾಗಲಿ, ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ಅವನಿಗೆ ಭೇದವಿಲ್ಲ. ತಟ್ಟಿ, ಕತ್ತು ಓರೆ ಮಾಡಿಕೊಂಡು, ಆ ಶಬ್ದ ಸಾಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸುತ್ತಾನೆ. "ನಮ್ಮಪ್ಪನ ಹೆಣ ಇಟ್ಟಿದ್ದ ಕೋಣೆಯಲ್ಲೂ ತಟ್ಟಿದ ಪುಣ್ಯಾತ್ಮ ಇವನು, ಬಂದವರೆಲ್ಲ ಬೆಚ್ಚಿಬಿದ್ದರು" ಎಂದು ಅವನ ಹೆಂಡತಿ ಇರ್ಮಿನಾ ಇವತ್ತಿಗೂ ಹೇಳುತ್ತಾಳೆ. ಸುಳ್ಳಲ್ಲ, ತಟ್ಟಿದ್ದ. ಎರಡೂವರೆ ಸೆಕೆಂಡು.

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಮನುಷ್ಯ. ಸಾನ್ ನದಿಯ ಎರಡೂ ದಂಡೆಯ ನಲವತ್ತು ಚಿಲ್ಲರೆ ಚರ್ಚುಗಳ ಮೈಕು, ಸ್ಪೀಕರು, ತಂತಿ ಎಲ್ಲ ಅವನ ಸುಪರ್ದಿ. ಮೂವತ್ತು ವರ್ಷದಿಂದ ಒಂದು ಪೂಜೆಯನ್ನಾದರೂ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದವನಲ್ಲ. ಇಲ್ಲಿ ಒಂದು ತಿರುಪು ಬಿಗಿ ಮಾಡಿ, ಅಲ್ಲಿ ಒಂದು ಗುಂಡಿ ತಿರುಗಿಸಿ, "ಕೇಳಿಸುತ್ತೆ, ಕೇಳಿಸುತ್ತೆ" ಅಂದು ವ್ಯಾನು ಹತ್ತಿದರೆ ಮುಂದಿನ ಊರು. ಊಟಕ್ಕೆ ಕೂತರೂ ಮೇಜಿನ ಕೆಳಗೆ ಮಂಡಿ ಕುಣಿಯುತ್ತಿರುತ್ತದೆ. ಬೀಟ್‌ರೂಟಿನ ಸಾರು ತಟ್ಟೆಯಲ್ಲಿ ಅಲೆ ಎದ್ದು ಇರ್ಮಿನಾಳ ಮೇಜುಬಟ್ಟೆಗೆ ಚೆಲ್ಲುತ್ತದೆ, ಅವಳು ಬೈಯುತ್ತಾಳೆ, ಅವನು ಅಷ್ಟರಲ್ಲಿ ಎದ್ದು ಕೋಟು ಹುಡುಕುತ್ತಿರುತ್ತಾನೆ.

ಈ ವಿದ್ಯೆ ಅವನಿಗೆ ಬಂದದ್ದು ಗ್ರಬೋವಿನ್ ಊರಿನ ಸಕ್ಕರೆ ಕಾರ್ಖಾನೆಯ ರೇಡಿಯೋ ಕೋಣೆಯಲ್ಲಿ. ಹಳೆಯ ಸರ್ಕಾರದ ಕಾಲದಲ್ಲಿ ಪ್ರತಿ ಕಾರ್ಖಾನೆಗೂ ಅಂಥದೊಂದು ಕೋಣೆ ಇರುತ್ತಿತ್ತು. ಪಾಳಿ ಬದಲಾದದ್ದು, ಊಟದ ಹೊತ್ತಾದದ್ದು, ನಡುನಡುವೆ ಒಂದು ಹಾಡು, ಎಲ್ಲ ಅಲ್ಲಿಂದಲೇ. ಆ ಕೋಣೆಯ ಮೇಸ್ತ್ರಿ ತೆಯೊಫಿಲ್ ಗೊಂಚಿಕ್. ಬೆಸುಗೆ ಹಾಕುವುದನ್ನು ಕಲಿಸಿದ್ದು ಅವನು, ಕೈ ಸುಟ್ಟುಕೊಂಡಾಗ ಬೈದು ಬೆಣ್ಣೆ ಹಚ್ಚಿದ್ದೂ ಅವನೇ. ಹೊಸ ಸ್ಪೀಕರು ಕಟ್ಟಿದಾಗಲೆಲ್ಲ ಝೆನೋನ್‌ನನ್ನು ಕಾರ್ಖಾನೆಯ ಆ ತುದಿಗೆ, ಬಾಯ್ಲರಿನ ಹಿಂದಕ್ಕೆ ಓಡಿಸುತ್ತಿದ್ದ. "ಇಲ್ಲಿ ನಿಂತು ಕೇಳಬೇಡ ಕಣೋ ಝೆನೆಕ್. ಇಲ್ಲಿ ಎಲ್ಲಾನೂ ಚೆನ್ನಾಗೇ ಕೇಳುತ್ತೆ. ಕೊನೇ ಮನುಷ್ಯ ಎಲ್ಲಿ ನಿಂತಿದಾನೋ ಅಲ್ಲಿ ಹೋಗಿ ನಿಂತ್ಕೊಂಡು ಕೇಳು." ಓಡಿ ಹೋಗಿ ಓಡಿ ಬರುವುದರಲ್ಲಿ ಝೆನೋನ್‌ಗೆ ಆಗಿನಿಂದಲೂ ಖುಷಿ. ನಿಂತು ಕೇಳುವುದು ಮಾತ್ರ ಅಷ್ಟಕ್ಕಷ್ಟೆ.

ಕಾರ್ಖಾನೆ ಮುಚ್ಚಿತು. ಶಿಷ್ಯ ವ್ಯಾನು ಕೊಂಡ, ಮೇಸ್ತ್ರಿ ಊರ ಹೊರಗಿನ ತುಂಡು ತೋಟದಲ್ಲಿ ಎಲೆಕೋಸು ಬೆಳೆಯುತ್ತ ಕೂತ.

ಈಗ ಮೊಗಸಾಲೆಯ ಮಾತಿಗೆ ಬರೋಣ. ಗ್ರಬೋವಿನ್ ಚರ್ಚಿನಲ್ಲಿ ಗಂಡಸರು ಬೆಂಚಿನ ಮೇಲೆ ಕೂರುವುದು ಅಪರೂಪ. ಗಾಯಕರ ಅಟ್ಟದ ಕೆಳಗೆ, ಬಾಗಿಲ ಹತ್ತಿರ, ಬೇಸಿಗೆಯಲ್ಲಾದರೆ ಬಾಗಿಲಾಚೆಯ ಮೊಗಸಾಲೆಯಲ್ಲೂ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಅಪ್ಪ ನಿಂತ ಜಾಗದಲ್ಲಿ ಮಗ. ಹೆಂಗಸರೂ ಹಿಂದಿನ ಬೆಂಚುಗಳಿಂದಲೇ ತುಂಬಿಕೊಂಡು ಬರುತ್ತಾರೆ. ಮುಂದಿನ ಮೂರು ಬೆಂಚು ಯಾರಿಗೂ ಬೇಡ. ಅಲ್ಲಿ ಕೂತರೆ ತಾವು ಬಹಳ ದೊಡ್ಡವರು ಅಂತ ತೋರಿಸಿಕೊಂಡಂತೆ ಎಂಬ ಸಂಕೋಚ. ಹಾಗಾಗಿ ತೆಯೊಫಿಲ್ ಮೊಗಸಾಲೆಯಲ್ಲಿ ನಿಲ್ಲುತ್ತಾನೆ ಅಂದರೆ ಹೊರಗಿನವರಿಗೆ ಏನೂ ಅನ್ನಿಸುವುದಿಲ್ಲ. ಊರಿನವರಿಗೆ ಗೊತ್ತು, ಅದು ಬೇರೆಯೇ ಲೆಕ್ಕ.

ಹನ್ನೆರಡು ವರ್ಷದ ಹಿಂದೆ ಅವನ ಒಬ್ಬನೇ ಮಗ ವಿತೋಲ್ದ್, ಎಲ್ಲರ ಬಾಯಲ್ಲಿ ವಿತೆಕ್, ತನ್ನ ಕೈಯಾರೆ ಜೀವ ಕಳೆದುಕೊಂಡ. ಇಪ್ಪತ್ತೇಳು ವರ್ಷ. ನವೆಂಬರ್ ಎರಡು ಸತ್ತವರ ದಿನ. ಅವತ್ತು ಚರ್ಚಿನಲ್ಲಿ ಊರಿನ ಸತ್ತವರ ಹೆಸರುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ತಮ್ಮವರ ಹೆಸರು ಬರುವವರೆಗೆ ಜನ ಉಸಿರು ಹಿಡಿದು ಕಾಯುತ್ತಾರೆ, ಬಂತು ಅನ್ನಿಸಿದಾಗ ಒಂದು ಸಲ ಎದೆ ಮುಟ್ಟಿಕೊಳ್ಳುತ್ತಾರೆ. ಆಗಿನ ಪಾದ್ರಿ ಹಿಯೆರೊನಿಮ್ ಮುಂಗೋಪಿ. ಸೆಪ್ಟೆಂಬರಿನಲ್ಲಿ ಮಣ್ಣು ಮಾಡಿದ ದಿನವೇ ಜನರೆದುರು, "ದೇವರು ಕೊಟ್ಟ ಜೀವವನ್ನ ಬಿಸಾಕಿದವನ ಹೆಸರು ನನ್ನ ಬಾಯಲ್ಲಿ ಬರಲ್ಲ" ಅಂದುಬಿಟ್ಟರು. ತೆಯೊಫಿಲ್ ಕೂಗಾಡಲಿಲ್ಲ. "ನನ್ನ ಮಗನ ಹೆಸರು ಬರೋವರೆಗೂ ನನ್ನ ಕಾಲೂ ಆ ಹೊಸ್ತಿಲು ದಾಟಲ್ಲ, ಫಾದರೇ" ಅಂದ. ಅಂದಿನಿಂದ ಮೊಗಸಾಲೆಯ ತೀರ್ಥದ ಬೋಗುಣಿಯ ಪಕ್ಕ, ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ನಿಂತವನು ಹನ್ನೆರಡು ನವೆಂಬರುಗಳನ್ನು ಅಲ್ಲೇ ಕಳೆದ. ಹೆಸರು ಕೇಳಲಿಲ್ಲ, ಕಾಲೂ ದಾಟಲಿಲ್ಲ.

ಈ ವರ್ಷ ಚರ್ಚಿಗೆ ಹೊಸ ಸ್ಪೀಕರ್ ಕಂಬಗಳು ಬಂದವು. ಹಿಯೆರೊನಿಮ್ ತೀರಿಕೊಂಡು ಎರಡು ವರ್ಷವಾಗಿತ್ತು, ಈಗಿರುವುದು ಚಿಕ್ಕ ವಯಸ್ಸಿನ ಫಾದರ್ ಲೂಬೊಮಿರ್. ಅವರಿಗೆ ಹಳೆಯ ಹಾರ್ನುಗಳ ಗದ್ದಲ ಸಾಕಾಗಿತ್ತು. ಆ ಚರ್ಚಿನಲ್ಲಿ ಚಪ್ಪಾಳೆ ತಟ್ಟಿದರೆ ಆರು ಸೆಕೆಂಡು ಸಾಯುವುದಿಲ್ಲ. ಹಾರ್ನು ಶಬ್ದವನ್ನು ಕಮಾನಿಗೂ ಗೋಡೆಗೂ ಎರಚಾಡಿ, ಒಂದು ಮಾತಿನ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡು, ಮೂರನೆಯ ಬೆಂಚಿನಾಚೆ ಎಲ್ಲ ಬರೀ ಗುಂಯ್ ಅನ್ನುತ್ತಿತ್ತು. ಹೊಸ ಕಂಬ ಹಾಗಲ್ಲ. ಎರಡು ಮೀಟರ್ ಎತ್ತರ, ಅಂಗೈ ಅಗಲ. ಒಳಗೆ ಒಂದರ ಮೇಲೊಂದು ಇಪ್ಪತ್ತನಾಲ್ಕು ಪುಟ್ಟ ಸ್ಪೀಕರು. ಎಲ್ಲವೂ ಒಂದೇ ಮಾತು ಹೇಳುತ್ತವೆ, ಆದರೆ ಮೇಲಿನವು ಮೊದಲು, ಕೆಳಗಿನವು ಕೂದಲೆಳೆಯಷ್ಟು ತಡವಾಗಿ. ಅಷ್ಟಕ್ಕೇ ಶಬ್ದ ಕೆಳಕ್ಕೆ ಬಾಗುತ್ತದೆ. ಎಷ್ಟು ಬಾಗಬೇಕು, ಎಲ್ಲಿ ಬೀಳಬೇಕು ಅನ್ನುವುದನ್ನು ಲ್ಯಾಪ್‌ಟಾಪಿನಲ್ಲಿ ಕೂತು ಹೇಳಬಹುದು. ಕಮಾನಿಗೆ ಸೋಕದೆ, ಗೋಡೆಗೆ ತಾಗದೆ, ಜನರ ಕಿವಿಯ ಮೇಲೆ ಮಾತ್ರ.

"ಕಂಬ ನೆಟ್ಟಗೆ ನಿಂತಿರುತ್ತೆ, ಶಬ್ದ ಬಗ್ಗುತ್ತೆ? ಯಾರ ಕಿವಿಗೆ ಹೂ ಇಡ್ತೀಯೋ?" ಅಂದಿದ್ದ ತೆಯೊಫಿಲ್, ಮೊಗಸಾಲೆಯಿಂದಲೇ ಇಣುಕಿ.

"ಬಗ್ಗುತ್ತೆ ಮೇಸ್ತ್ರೀ. ನಿಮಗೂ ಕೇಳಿಸ್ತೀನಿ ನೋಡ್ತಿರಿ."

"ನನಗೆ ಕೇಳಿಸೋವಂಥದ್ದು ಒಳಗೆ ಏನಿದೆಯಪ್ಪಾ" ಅಂದು ಅವನು ಗೋಡೆಗೊರಗಿದ.

ಅಕ್ಟೋಬರಿನ ಕೊನೆಯ ವಾರ, ಬೆಳಗಿನ ಹೊತ್ತು. ಝೆನೋನ್ ಕಂಬಗಳನ್ನು ಪೀಠದ ಎರಡೂ ಬದಿ ನಿಲ್ಲಿಸಿ ಪರೀಕ್ಷೆಗೆ ಇಳಿದ. ಒಂದು ಎರಡು ಮೂರು ಅಂತ ಎಣಿಸಿ ನೋಡುವುದು ಅವನಿಗೆ ಸಾಲದು. ಮನುಷ್ಯನ ಕಿವಿ ಕಳ್ಳ, ಅರ್ಧ ಕೇಳಿದ ಮಾತನ್ನೂ ಊಹೆಯಲ್ಲಿ ತುಂಬಿಕೊಂಡುಬಿಡುತ್ತದೆ. ಊಹೆಗೆ ಸಿಗದ್ದು ಹೆಸರು ಒಂದೇ. "ಫಾದರೇ, ಹಳೇ ವರ್ಷದ ಸತ್ತವರ ಪಟ್ಟಿ ಯಾವುದಾದ್ರೂ ಇದ್ರೆ ಓದ್ತಿರಿ, ನಾನು ಬೆಂಚು ಬೆಂಚಿಗೂ ಓಡಾಡಿ ಕೇಳ್ತೀನಿ" ಅಂದ. ಲೂಬೊಮಿರ್ ಒಳಕೋಣೆಯ ಬೀರುವಿನಿಂದ ಹುರಿ ಕಟ್ಟಿದ ಕಾಗದದ ಕಂತೆ ತಂದರು. ಮೈಕಿನ ಮುಂದೆ ನಿಂತು ಮೇಲಿನದನ್ನು ಎತ್ತಿಕೊಂಡು ಓದತೊಡಗಿದರು.

ಝೆನೋನ್ ಐದನೆಯ ಬೆಂಚಿನಲ್ಲಿ ಒಂದು ನಿಮಿಷ, ಎಂಟನೆಯದರಲ್ಲಿ ಅರ್ಧ ನಿಮಿಷ ಕೂತೆದ್ದ. ಎಲ್ಲ ಸ್ಪಷ್ಟ, ಗಾಜು ಒರೆಸಿಟ್ಟಂತೆ. ಖುಷಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಹತ್ತನೆಯದಕ್ಕೆ ಹೋದ.

"ವಿತೋಲ್ದ್ ಗೊಂಚಿಕ್" ಅಂದವು ಕಂಬಗಳು.

ಝೆನೋನ್ ಕೈ ಎತ್ತಿದ. "ನಿಲ್ಲಿಸಿ! ಯಾವ ವರ್ಷದ್ದು ಅದು?"

"ಹೋದ ವರ್ಷದ್ದು. ಯಾಕೆ?"

"ಅದರ ಹಿಂದಿನ ವರ್ಷದ್ದು ನೋಡಿ. ಅದಕ್ಕೂ ಹಿಂದಿನದು."

ಇಬ್ಬರೂ ಪೀಠದ ಮೆಟ್ಟಿಲ ಮೇಲೆ ಕೂತು ಕಂತೆ ಬಿಚ್ಚಿದರು. ಹನ್ನೆರಡು ಪಟ್ಟಿ. ಹಳೆಯ ಹತ್ತು ಹಿಯೆರೊನಿಮ್ ಅವರ ಕೈಬರಹದಲ್ಲಿ. ಹನ್ನೆರಡರಲ್ಲೂ ಆ ಹೆಸರಿತ್ತು.

"ಫಾದರ್ ಹಿಯೆರೊನಿಮ್ ಕೊನೇ ದಿನಗಳಲ್ಲಿ ನನ್ನ ಹತ್ರ ಹೇಳಿಕೊಂಡಿದ್ರು" ಎಂದರು ಲೂಬೊಮಿರ್. "ಕೋಪದಲ್ಲಿ ಅಂದುಬಿಟ್ಟೆ, ಆಮೇಲೆ ನಿದ್ದೆ ಬರಲಿಲ್ಲ, ಆ ವರ್ಷದಿಂದಲೇ ಓದಿದೆ. ಆ ಮನುಷ್ಯ ಕೇಳಿಸಿಕೊಂಡೂ ಒಳಗೆ ಬರಲಿಲ್ಲ, ಇನ್ನು ನಾನೇನು ಕಾಲು ಹಿಡೀಲಾ ಅಂತ. ನಾನೂ ತೆಯೊಫಿಲ್ ಅವರು ಹಟಮಾರಿ ಅಂತಲೇ ಅಂದ್ಕೊಂಡಿದ್ದೆ."

"ಅವರಿಗೆ ಕೇಳಿಸಿಯೇ ಇಲ್ಲ, ಫಾದರೇ."

"ಕೇಳಿಸದೆ ಏನು? ಮೊಗಸಾಲೆಗೆ ಶಬ್ದ ಹೋಗುತ್ತಾ ಅಂತ ಆಗಲೇ ನಿಮ್ಮನ್ನ ಕೇಳಿದ್ರಂತಲ್ಲ. ಹೋಗುತ್ತೆ ಅಂದ್ರಂತೆ ನೀವು."

ಝೆನೋನ್‌ಗೆ ಅದು ನೆನಪಾಯಿತು. ನೆನಪಾಗದಿದ್ದರೆ ಎಷ್ಟು ಚೆನ್ನಾಗಿತ್ತು! ಹನ್ನೆರಡು ವರ್ಷದ ಹಿಂದಿನ ನವೆಂಬರ್. ಅವನು ವ್ಯಾನಿಗೆ ತಂತಿ ಸುತ್ತಿ ಎಸೆಯುತ್ತಿದ್ದಾನೆ, ನದಿಯಾಚೆಯ ಚರ್ಚಿನಲ್ಲಿ ಮೈಕು ಕೆಟ್ಟಿದೆ. ಮುದಿ ಪಾದ್ರಿ ಮೆಟ್ಟಿಲಿಳಿದು ಬಂದು, ಯಾವತ್ತೂ ಕೇಳದವರು, ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಪಿರ್ಕಾ, ಹೊರಗೆ ಮೊಗಸಾಲೆಗೂ ಕೇಳಿಸುತ್ತೇನಯ್ಯಾ?" ಅವನು ತಲೆಯೂ ಎತ್ತದೆ, "ಕೇಳಿಸುತ್ತೆ ಫಾದರೇ, ಕೇಳಿಸುತ್ತೆ" ಅಂದು ಬಾಗಿಲು ಬಡಿಯುತ್ತಾನೆ. ಮೊಗಸಾಲೆ ಅವನಿಂದ ಇಪ್ಪತ್ತು ಹೆಜ್ಜೆ ದೂರ. ಇಪ್ಪತ್ತೇ ಹೆಜ್ಜೆ ಕಣ್ರೀ!

ಅವತ್ತು ಮಧ್ಯಾಹ್ನವೇ ಹೇಳಿಬಿಡುತ್ತೇನೆಂದು ತೋಟಕ್ಕೆ ಹೋದ. ತೆಯೊಫಿಲ್ ಎಲೆಕೋಸು ಕೊಯ್ಯುತ್ತಿದ್ದ, ಹುಳಿಗೆ ಹಾಕುವ ಪೀಪಾಯಿ ಪಕ್ಕದಲ್ಲಿ ತೊಳೆದಿಟ್ಟಿತ್ತು.

"ಬಾರೋ, ಎರಡು ಗಡ್ಡೆ ಇರ್ಮಿನಾಗೆ ತಗೊಂಡು ಹೋಗು. ಕೂತ್ಕೋ."

ಝೆನೋನ್ ಕೂರಲಿಲ್ಲ. ಬೇಲಿಯುದ್ದಕ್ಕೂ ಹೋದ, ಬಂದ, ಮತ್ತೆ ಹೋದ. "ಮೇಸ್ತ್ರೀ, ಹೆಸರಿನ ವಿಷಯ... ಅವರು ಓದ್ತಿದ್ದಿರಬಹುದಲ್ವಾ? ನಿಮಗೆ ಕೇಳಿಸದೆ..."

ತೆಯೊಫಿಲ್ ಚಾಕು ಕೆಳಗಿಟ್ಟ. "ಸಮಾಧಾನ ಹೇಳೋಕೆ ಬಂದ್ಯಾ? ಓದಿದ್ರೆ ಊರಲ್ಲಿ ಒಬ್ಬರಾದ್ರೂ ಬಂದು ಹೇಳ್ತಿರಲಿಲ್ವಾ, ಇವತ್ತು ನಿನ್ನ ಹುಡುಗನ ಹೆಸರು ಬಂತು ಅಂತ? ಒಬ್ಬ ನರಪಿಳ್ಳೆ ಹೇಳಲಿಲ್ಲ. ನನ್ನ ಕಿವಿಗೆ ಬಿದ್ರೆ ನಂಬ್ತೀನಿ, ಇಲ್ಲಾಂದ್ರೆ ಇಲ್ಲ." ಆಮೇಲೆ ಮೆಲ್ಲಗೆ ಅಂದ, "ಈ ಹೊಸ ಫಾದರ್ ಒಳ್ಳೆಯೋರು ಅಂತಾರೆ. ಈ ವರ್ಷ ಒಂದು ನಿಂತು ನೋಡ್ತೀನಿ. ಮೊಣಕಾಲು ಹೋಗಿದೆ ಕಣೋ, ಮುಂದಿನ ವರ್ಷ ಆ ಕಲ್ಲಿನ ಮೇಲೆ ನಿಲ್ಲೋಕಾಗಲ್ಲ. ಈ ಸಲವೂ ಬರದಿದ್ರೆ ಅಲ್ಲಿಗೆ ಮುಗೀತು."

ಝೆನೋನ್ ಇನ್ನೊಂದು ಸಲ ಬೇಲಿಯವರೆಗೆ ಹೋಗಿ ಬಂದ. ಎರಡು ಕೋಸು ಕಂಕುಳಲ್ಲಿ ಇಟ್ಟುಕೊಂಡು ವ್ಯಾನು ಹತ್ತಿದ. ಹೇಡಿ! ಅಂತ ತನಗೆ ತಾನೇ ಬೈದುಕೊಂಡ, ಗಟ್ಟಿಯಾಗಿ, ಎರಡು ಸಲ.

ಶನಿವಾರ ಫಾದರ್ ಊರವರನ್ನು ಪರೀಕ್ಷೆಗೆ ಕರೆದರು. ಎಪ್ಪತ್ತು ಜನ ಬಂದರು. ಪಾದ್ರಿಯೇ ಕರೆದಿದ್ದಾರೆ, ಹೊಸ ಸಾಮಾನು ಬೇರೆ, ಮರ್ಯಾದೆಗೆ ಕಡಿಮೆಯಾಗಬಾರದು ಅಂತ ಎಲ್ಲರೂ ಬೆಂಚುಗಳ ಮೇಲೆ ಒತ್ತಾಗಿ, ಮುಂದಿನಿಂದ ತುಂಬಿಕೊಂಡು, ಶಾಲೆಯ ಮಕ್ಕಳ ಹಾಗೆ ಕೂತರು. ಜಪಮಾಲೆ ಸಂಘದ ಯಜಮಾನಿ ಕುನೆಗುಂದಮ್ಮ ಮೊದಲನೆಯ ಸಾಲಿನಲ್ಲಿ. ಝೆನೋನ್ ಕೂತವರ ಕಿವಿಯ ಎತ್ತರ ಅಳೆದು, ಶಬ್ದವನ್ನು ಅಷ್ಟಕ್ಕೇ ಬಗ್ಗಿಸಿ, ಪ್ರತಿ ಸಾಲನ್ನೂ ಕೇಳಿದ. "ಕೇಳಿಸುತ್ತಾ?" "ಪಕ್ಕದಲ್ಲೇ ಕೂತು ಹೇಳಿದ ಹಾಗಿದೆ!" ಜನ ಅವನ ಬೆನ್ನು ತಟ್ಟಿದರು. ಅವನಿಗೂ ಆ ಹೊತ್ತಿಗೆ ಎಲ್ಲ ಸರಿಹೋಯಿತು ಅನ್ನಿಸಿಬಿಟ್ಟಿತು.

ಮಾರನೆಯ ದಿನ ಭಾನುವಾರದ ಪೂಜೆ. ಹತ್ತು ಗಂಟೆಗೆ ಚರ್ಚಿನ ಒಳಗೆ ನೋಡುತ್ತಾನೆ, ಏನು ನೋಡುವುದು! ನಿನ್ನೆ ಕೂತ ಮಹಾಶಯರು ಒಬ್ಬರಾದರೂ ಕೂತಿದ್ದರೆ ಕೇಳಿ! ಗಂಡಸರೆಲ್ಲ ಅಟ್ಟದ ಕೆಳಗೆ, ಬಾಗಿಲಿಗೆ ಒತ್ತಿಕೊಂಡು ನಿಂತಿದ್ದಾರೆ. ಹೆಂಗಸರು ಹಿಂದಿನ ಬೆಂಚುಗಳಲ್ಲಿ. ಅವನು ಅಷ್ಟು ಜತನದಿಂದ ಬಗ್ಗಿಸಿದ ಶಬ್ದ ಅರ್ಧ ಚರ್ಚಿನ ಖಾಲಿ ಮರದ ಬೆಂಚುಗಳ ಮೇಲೆ ನುಣ್ಣಗೆ ಹೋಗಿ ಬೀಳುತ್ತಿದೆ. ಐವತ್ತೆಂಟು ವರ್ಷ ಇದೇ ಊರಲ್ಲಿ ಬದುಕಿ, ಇದೇ ಜನರ ಜೊತೆ ಬೆಳೆದು, ತನ್ನ ಅಪ್ಪ ಕೂಡ ಎಂದೂ ಬೆಂಚಿನಲ್ಲಿ ಕೂರದ್ದನ್ನು ಕಣ್ಣಾರೆ ಕಂಡು, ಕೂತ ಜನರಿಗೆ ಲೆಕ್ಕ ಹಾಕಿದ್ದನಲ್ಲ! ಮೈಮೇಲೆ ಇರುವೆ ಬಿಟ್ಟವನಂತೆ ಅವನು ಗೋಡೆ ಸವರಿಕೊಂಡು ಹಿಂದಕ್ಕೆ ಹೋದ, ಗಂಡಸರನ್ನು ತಳ್ಳಿಕೊಂಡು ಬಾಗಿಲು ತೆಗೆದು ಮೊಗಸಾಲೆಗೆ ಇಳಿದ. ಬಾಗಿಲು ಅವನ ಹಿಂದೆ ತಾನಾಗಿ ಮುಚ್ಚಿಕೊಂಡಿತು.

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಲ್ಲಿ ನಿಂತು ಕೇಳಿದ. ಬಾಗಿಲಾಚೆಯಿಂದ ಬರುತ್ತಿದ್ದದ್ದು ಮಾತಲ್ಲ. ಪೀಪಾಯಿಯೊಳಗೆ ತಲೆ ಹಾಕಿ ಯಾರೋ ಗೊಣಗಿದ ಹಾಗೆ.

"ಏನೋ, ದಾರಿ ತಪ್ಪಿ ನಮ್ಮ ಕಡೆ ಬಂದ್ಬಿಟ್ಟೆ?" ತೆಯೊಫಿಲ್ ನಕ್ಕ. "ಇಲ್ಲಿ ಪೂಜೆ ಅಂದ್ರೆ ಇಷ್ಟೇ. ಗಂಟೆ ಹೊಡೆದಾಗ ಮೊಣಕಾಲೂರೋದು, ಹೊಡೀದಿದ್ದಾಗ ಸುಮ್ಮನಿರೋದು."

"ಇಲ್ಲೊಂದು ಚಿಕ್ಕ ಸ್ಪೀಕರ್ ಡಬ್ಬ ಇಟ್ಟುಬಿಡ್ತೀನಿ ಮೇಸ್ತ್ರೀ, ಗುರುವಾರ ಸತ್ತವರ ದಿನದ ಹೊತ್ತಿಗೆ."

"ಬೇಡ." ನಗು ಹೋಯಿತು. "ಡಬ್ಬದೊಳಗೆ ಏನು ಬೇಕಾದ್ರೂ ತುಂಬಿಸಬಹುದು, ನಾನೇ ತಾನೆ ನಿನಗೆ ಕಲಿಸಿದ್ದು? ಈ ಮುದುಕನಿಗೆ ಖುಷಿಯಾಗಲಿ ಅಂತ ನೀನೇ ಎರಡು ಹೆಸರು ರೆಕಾರ್ಡ್ ಮಾಡಿ ಹಾಕಿರ್ತೀಯ. ಒಳಗೆ ಓದಿದ್ದು ಒಳಗಿಂದಲೇ ಬರಬೇಕು."

ಸೋಮವಾರ, ಮಂಗಳವಾರ ಝೆನೋನ್ ಚರ್ಚು ಬಿಟ್ಟು ಕದಲಲಿಲ್ಲ, ಚರ್ಚಿನೊಳಗೆ ಒಂದು ಕಡೆ ನಿಲ್ಲಲೂ ಇಲ್ಲ. ಉಳಿದ ಚರ್ಚುಗಳ ಫೋನು ಎತ್ತಲಿಲ್ಲ. ಶಬ್ದವನ್ನು ಎರಡಾಗಿ ಸೀಳಿದ. ಒಂದು ಪಾಲು ಹಿಂದಿನ ಬೆಂಚುಗಳಿಗೂ ಅಟ್ಟದ ಕೆಳಗೆ ನಿಂತವರಿಗೂ. ಇನ್ನೊಂದು ತೆಳ್ಳನೆಯದು, ನಡುದಾರಿಯ ಮೇಲೆ ನೇರವಾಗಿ ಸಾಗಿ, ಬಾಗಿಲು ದಾಟಿ, ತೀರ್ಥದ ಬೋಗುಣಿಯ ಪಕ್ಕ ನಿಂತ ಮನುಷ್ಯನ ಕಿವಿಯ ಎತ್ತರಕ್ಕೆ. ಫಾದರ್ ಓದಿದರು, ಅವನು ಮೇಸ್ತ್ರಿಯ ಕಲ್ಲಿನ ಮೇಲೆ ನಿಂತ. ಬಾಗಿಲು ತೆರೆದಿದ್ದರೆ ಒಂದೊಂದು ಅಕ್ಷರವೂ ಬಿಡಿಬಿಡಿ. ಮುಚ್ಚಿದರೆ ಮತ್ತದೇ ಗೊಣಗು.

ಅಂದರೆ ಬಾಗಿಲು ತೆರೆದಿರಬೇಕು. ನವೆಂಬರಿನಲ್ಲಿ! ಗ್ರಬೋವಿನ್ ಹೆಂಗಸರಿಗೆ ಸೈತಾನನ ಭಯವಾದರೂ ಇಲ್ಲ, ಬಾಗಿಲ ಸಂದಿಯಿಂದ ಬರುವ ಗಾಳಿಯೆಂದರೆ ಪ್ರಾಣಭಯ. ಕತ್ತು ಹಿಡಿದುಕೊಳ್ಳುವುದು, ಕಿವಿ ಸೋರುವುದು, ಸೊಂಟ ಬೀಳುವುದು, ಎಲ್ಲಕ್ಕೂ ಆ ಗಾಳಿಯೇ ಕಾರಣ. ಅದರಲ್ಲೂ ಕುನೆಗುಂದಮ್ಮ. ಬಾಗಿಲು ಒಂದು ಬೆರಳು ತೆರೆದಿದ್ದರೂ ಪ್ರಾರ್ಥನೆಯ ನಡುವೆ "ಗಾಳಿ!" ಅಂತ ಕೂಗುವವಳು.

ಮಂಗಳವಾರ ಅವಳು ದೀಪದ ಕಂಬ ಒರೆಸುತ್ತಿದ್ದಾಗ ಝೆನೋನ್ ಹೋಗಿ ನಿಂತ. "ಗುರುವಾರ ಹೆಸರು ಓದುವಾಗ ಬಾಗಿಲು ತೆಗೆದಿರಬೇಕು, ಕುನೆಗುಂದಮ್ಮ. ಅರ್ಧ ಗಂಟೆ."

"ತಲೆ ನೆಟ್ಟಗಿದೆಯೇನೋ ನಿನಗೆ? ಮುಂದಿನ ವರ್ಷದ ಪಟ್ಟಿಗೆ ನಮ್ಮನ್ನೂ ಸೇರಿಸೋ ಯೋಚನೇನಾ?"

"ತೆಯೊಫಿಲ್ ಮೇಸ್ತ್ರಿಗೆ ಕೇಳಿಸಬೇಕು."

"ಅವನಿಗೆ ಕಾಲಿಲ್ವಾ? ಒಳಗೆ ಬರಲಿ. ಹನ್ನೆರಡು ವರ್ಷದಿಂದ ನಮ್ಮ ಮುಖ ನೋಡದೆ ಬಾಗಿಲು ಕಾಯ್ತಿದಾನೆ, ದೊಡ್ಡ ರಾಜ."

ಆಗ ಝೆನೋನ್ ಹೇಳಿಬಿಟ್ಟ. ಪಟ್ಟಿ, ಹಿಯೆರೊನಿಮ್, ವ್ಯಾನು, "ಕೇಳಿಸುತ್ತೆ ಕೇಳಿಸುತ್ತೆ", ಎಲ್ಲ. ಹೇಳುತ್ತ ಹೇಳುತ್ತ ಕಂಬದಿಂದ ಕಂಬಕ್ಕೆ ಓಡಾಡಿದ. ಕುನೆಗುಂದಮ್ಮ ಒರೆಸುವ ಬಟ್ಟೆ ಹಿಡಿದುಕೊಂಡು ಅವನನ್ನೇ ನೋಡಿದಳು.

"ಪ್ರತಿ ವರ್ಷ ಓದಿದ್ರಾ?"

"ಪ್ರತಿ ವರ್ಷ."

"ನಾನು ಹಿಂದಿನ ಬೆಂಚಲ್ಲಿ ಕೂತಿರ್ತಿದ್ದೆ. ನಮ್ಮನೆಯೋರ ಹೆಸರೂ ನನಗೆ ಒಂದು ಸಲವೂ ಕೇಳಿಸಿಲ್ಲ" ಅಂದಳು. "ಯಂತ್ರ ಅಂದ್ರೆ ಹಾಗೇ ಇರುತ್ತೇನೋ ಅಂದ್ಕೊಂಡೆ." ಆಮೇಲೆ ಬಾಗಿಲಿನ ವಿಷಯಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಟ್ಟೆ ಕೊಡವಿಕೊಂಡು ಹೊರಟುಹೋದಳು.

ಗುರುವಾರ ಸಂಜೆ ಐದು. ಊರೆಲ್ಲ ಮೇಣದ ವಾಸನೆ, ಸೇವಂತಿಗೆಯ ವಾಸನೆ. ಸಮಾಧಿಗಳಿಗೆ ದೀಪವಿಟ್ಟು ಜನ ಹಾಗೇ ಚರ್ಚಿಗೆ ಬಂದರು, ಭಾನುವಾರಕ್ಕಿಂತ ಎರಡರಷ್ಟು. ಝೆನೋನ್ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತ. ಬಾಗಿಲಿಗೆ ತೀರ ಹತ್ತಿರದ ಕೊನೆಯ ಬೆಂಚಿನಲ್ಲಿ, ಗಾಳಿಗೆ ಹೆದರಿ ಎಂದೂ ಕೂರದ ಜಾಗದಲ್ಲಿ, ಎರಡು ಶಾಲು ಸುತ್ತಿಕೊಂಡ ಕುನೆಗುಂದಮ್ಮ. ಅವಳ ಕಪ್ಪು ಕೈಚೀಲ ತೆರೆದ ಬಾಗಿಲಿನ ಬುಡಕ್ಕೆ ಆತುಕೊಂಡು ನೆಲದ ಮೇಲಿತ್ತು. ಯಾರೋ ಗಂಡಸು ಚಳಿಯೆಂದು ಬಾಗಿಲು ಎಳೆಯಲು ಹೋದ. "ಕೈ ತೆಗಿ" ಅಂದಳು, ತಿರುಗಿಯೂ ನೋಡದೆ. ಅವನು ತೆಗೆದ.

ತೆಯೊಫಿಲ್ ತನ್ನ ಕಲ್ಲಿನ ಮೇಲಿದ್ದ. ಗಡ್ಡ ಹೆರೆದು, ಕಪ್ಪು ಕೋಟು ಹಾಕಿ, ಕುತ್ತಿಗೆಯ ಗುಂಡಿಯವರೆಗೂ ಬಿಗಿದು.

ಫಾದರ್ ಶುರು ಮಾಡಿದರು. ಹೆಸರುಗಳು ಅಕಾರಾದಿಯಲ್ಲಿ ಬರುವುದಿಲ್ಲ, ಮನೆಯವರು ಚೀಟಿ ಕೊಟ್ಟ ಕ್ರಮದಲ್ಲಿ ಬರುತ್ತವೆ, ಆದ್ದರಿಂದ ಯಾವಾಗ ಬೇಕಾದರೂ ಬರಬಹುದು. ಮೊದಲ ಹತ್ತು ಮೊಗಸಾಲೆಗೆ ಸ್ಪಷ್ಟವಾಗಿ ಬಂದವು. ತೆಯೊಫಿಲ್‌ನ ಹುಬ್ಬು ಮೇಲೇರಿತು. ಅಷ್ಟರಲ್ಲಿ ತಡವಾಗಿ ಬಂದವರ ಗುಂಪೊಂದು ನುಗ್ಗಿ ನಡುದಾರಿಯ ತುಂಬ ನಿಂತುಬಿಟ್ಟಿತು. ದಪ್ಪ ಕೋಟುಗಳು, ಅಗಲ ಬೆನ್ನುಗಳು. ಹೆಸರುಗಳು ಆ ಉಣ್ಣೆಯಲ್ಲೇ ಹೂತುಹೋದವು, ಈ ಕಡೆಗೆ ಬರೀ ತುಣುಕು.

"ಹೋಯ್ತು" ಅಂದ ತೆಯೊಫಿಲ್. ಕೋಟಿನ ಗುಂಡಿಯೊಂದನ್ನು ಬಿಚ್ಚಿದ.

ಝೆನೋನ್ ಕುಕ್ಕರಿಸಿದ. ಮಂಡಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತೆಳ್ಳನೆಯ ಶಬ್ದವನ್ನು ಅರ್ಧ ಡಿಗ್ರಿ ಎತ್ತಿದ. ಹೆಚ್ಚಾಯಿತು, ಅಟ್ಟದ ಅಂಚಿಗೆ ಬಡಿದು ಗುಂಯ್ ಅಂದಿತು. ಕಾಲು ಡಿಗ್ರಿ ಇಳಿಸಿದ. ಎರಡು ಹೆಸರು ಹೋದವು, ಯಾವುವೆಂದು ಗೊತ್ತಿಲ್ಲ. ಅದರಲ್ಲಿ ವಿತೆಕ್‌ನದೂ ಇದ್ದಿದ್ದರೆ? ಇನ್ನೊಂದು ಕೂದಲೆಳೆ ಇಳಿಸಿದ. ಶಬ್ದ ನಿಂತವರ ತಲೆಗಳ ಮೇಲೆ ತೇಲಿ, ಬಾಗಿಲ ಚೌಕಟ್ಟಿನೊಳಗೆ ನುಸುಳಿ, ಮೊಗಸಾಲೆಯ ಎದುರು ಗೋಡೆಗೆ ತಾಗುವ ಮುಂಚೆ ಒಬ್ಬ ಮುದುಕನ ಕಿವಿಗೆ ತಾಗಿತು.

"ಸ್ತನಿಸ್ಲಾವಾ ಗೊಂಚಿಕ್."

ಅದು ತೆಯೊಫಿಲ್‌ನ ಹೆಂಡತಿ, ಮಗನಿಗಿಂತ ಮುಂಚೆಯೇ ಹೋದವಳು. ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ.

"ವಿತೋಲ್ದ್ ಗೊಂಚಿಕ್."

ಮುಂದಿನ ಹೆಸರು ಬಂತು, ಅದರ ಮುಂದಿನದು ಬಂತು. ತೆಯೊಫಿಲ್ ಎದೆ ಮುಟ್ಟಿಕೊಳ್ಳುವುದನ್ನು ಮರೆತುಬಿಟ್ಟಿದ್ದ.

"ಕೇಳಿದ್ಯೇನೋ ಝೆನೆಕ್?"

"ಕೇಳಿದೆ ಮೇಸ್ತ್ರೀ."

"ಎಷ್ಟು ಚೆನ್ನಾಗಿ ಕೇಳಿಸ್ತು. ಪೂರ್ತಿ ಹೆಸರು." ಅವನು ಕೈಯಿಂದ ಕಣ್ಣುಜ್ಜಿಕೊಂಡ. "ಈ ಹೊಸ ಫಾದರ್ ದೊಡ್ಡ ಮನುಷ್ಯ ಕಣೋ. ಆ ಹಳೇ ಮುದುಕ ಹತ್ತು ವರ್ಷ ಬಾಯಿ ಬಿಡಲಿಲ್ಲ, ಇವರು ಓದಿಬಿಟ್ರು. ನೀನು ತಲುಪಿಸಿದೆ. ನನ್ನ ಶಿಷ್ಯ ನೀನು, ಸುಮ್ನೆ ಅಲ್ಲ."

ಅಲ್ಲಿಗೇ ಬಿಡಬಹುದಿತ್ತು. ಸತ್ತ ಪಾದ್ರಿ ಬಂದು ಸಾಕ್ಷಿ ಹೇಳುವುದಿಲ್ಲ. ಕುನೆಗುಂದಮ್ಮ ಹೇಳುವವಳಲ್ಲ. ಝೆನೋನ್‌ನ ಕಾಲು ಆಗಲೇ ವ್ಯಾನಿನ ಕಡೆ ತಿರುಗಿತ್ತು, ಅಭ್ಯಾಸ. ಹೋಗಿಬಿಡು ಅಂದಿತು ಒಳಗೊಂದು ದನಿ. ಅವನು ಹೋಗಲಿಲ್ಲ.

"ಹಳೇ ಫಾದರೂ ಓದ್ತಿದ್ರು ಮೇಸ್ತ್ರೀ. ಮೊದಲನೇ ವರ್ಷದಿಂದ. ಪಟ್ಟಿ ನಾನೇ ನೋಡಿದೀನಿ, ಹನ್ನೆರಡಕ್ಕೆ ಹನ್ನೆರಡೂ." ಲ್ಯಾಪ್‌ಟಾಪನ್ನು ಎದೆಗವಚಿಕೊಂಡ. "ಮೊಗಸಾಲೆಗೆ ಕೇಳಿಸುತ್ತಾ ಅಂತ ಅವರು ನನ್ನನ್ನ ಕೇಳಿದ್ರು. ಕೇಳಿಸುತ್ತೆ ಅಂದೆ. ಬಂದು ನೋಡಿರಲಿಲ್ಲ."

ತೆಯೊಫಿಲ್ ಅವನನ್ನು ನೋಡಿದ. ಒಳಗೆ ಹೆಸರುಗಳು ಬರುತ್ತಲೇ ಇದ್ದವು. ಹೊಡೆಯುತ್ತಾನೆ ಅಂದುಕೊಂಡ ಝೆನೋನ್. ಹೊಡೆದಿದ್ದರೆ ಒಳ್ಳೆಯದಿತ್ತು.

"ನಾನು ಅವರ ಮಣ್ಣಿಗೂ ಹೋಗಲಿಲ್ಲ" ಅಂದ ತೆಯೊಫಿಲ್ ಕೊನೆಗೆ. "ಹಿಯೆರೊನಿಮ್ ಮಣ್ಣಿಗೆ. ಮನೆಯಲ್ಲಿ ಕೂತು ಕೋಸು ಹೆಚ್ಚಿದೆ ಅವತ್ತು."

"ಮೇಸ್ತ್ರೀ..."

"ಕೊನೇ ಮನುಷ್ಯ ಎಲ್ಲಿ ನಿಂತಿದಾನೋ ಅಲ್ಲಿ ಹೋಗಿ ನಿಂತ್ಕೊಂಡು ಕೇಳು ಅಂತ ನಿನಗೆ ಎಷ್ಟು ಸಲ ಹೇಳಿದ್ದೆನೋ. ಎಷ್ಟು ಸಲ." ಆಮೇಲೆ ಝೆನೋನ್‌ನ ತೋಳು ಹಿಡಿದು, ಬಾಯ್ಲರಿನ ಹಿಂದಕ್ಕೆ ಕಳಿಸುತ್ತಿದ್ದವನ ಅದೇ ಒರಟು ಕೈಯಿಂದ, ತೀರ್ಥದ ಬೋಗುಣಿಯ ಪಕ್ಕದ ಸವೆದ ಕಲ್ಲಿನ ಮೇಲೆ ನಿಲ್ಲಿಸಿದ. "ಇಲ್ಲಿ ನಿಂತ್ಕೋ. ಪಟ್ಟಿ ಮುಗಿಯೋವರೆಗೂ ನಿಂತ್ಕೊಂಡು ಕೇಳು."

ಟೋಪಿ ತೆಗೆದ. ಹೊಸ್ತಿಲಿನ ಮೇಲೆ ಒಂದು ಗಳಿಗೆ ನಿಂತು, ನೋಯುವ ಮೊಣಕಾಲನ್ನು ಕೈಯಿಂದ ಹಿಡಿದು ಎತ್ತಿ ಒಳಗಿಟ್ಟ. ಬಗ್ಗಿ ನೆಲದ ಮೇಲಿನ ಕೈಚೀಲ ತೆಗೆದು ಕುನೆಗುಂದಮ್ಮನ ಮಡಿಲಿಗೆ ಕೊಟ್ಟ. "ಗಾಳಿ ಬರ್ತಿದೆ, ಕುನೆಗುಂದಮ್ಮ" ಅಂದ. ಅವಳು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಅವನು ಬಾಗಿಲನ್ನು ಒಳಗಿನಿಂದ ಎಳೆದು ಮುಚ್ಚಿದ.

ಮೊಗಸಾಲೆಯಲ್ಲಿ ಝೆನೋನ್ ಒಬ್ಬನೇ ಉಳಿದ. ಬಾಗಿಲಾಚೆ ಹೆಸರುಗಳು ಮತ್ತೆ ಕಲಸಿಹೋಗಿ ಗೊಣಗಾದವು, ಯಾರದೆಂದು ತಿಳಿಯುವಂತಿರಲಿಲ್ಲ. ಕಾಲಡಿಯ ಕಲ್ಲು ಕೊರೆಯುತ್ತಿತ್ತು. ಜೇಬಿನಲ್ಲಿ ಫೋನು ಎರಡು ಸಲ ಬಡಿದುಕೊಂಡಿತು. ಅವನು ಗೋಡೆಗೆ ಬೆನ್ನು ಕೊಟ್ಟು, ಅರ್ಥವಾಗದ ಆ ದನಿಯನ್ನು ಕೇಳುತ್ತ, ಕೊನೆಯ ಹೆಸರು ಮುಗಿದು ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದ.